ಒಗರು ಎಂದು ಬರೆದ ತಪ್ಪಿಗೆ

ಇಪ್ಪತ್ತೆರಡು ವರ್ಷ ನಾನು ಮಾಡಿದ ಕೆಲಸವನ್ನು ಒಂದೇ ಪದದಲ್ಲಿ ಹೇಳಬೇಕೆಂದರೆ, ಉಗುಳುವುದು. ಬೆಳಿಗ್ಗೆ ಹನ್ನೊಂದಕ್ಕೆ ಶುರು. ಒಂದು ಗುಟುಕು ಬಾಯಿಗೆ, ಈ ಕೆನ್ನೆಯಿಂದ ಆ ಕೆನ್ನೆಗೆ ಹೊರಳಾಟ, ಆಮೇಲೆ ಸ್ಟೀಲ್ ಬಕೆಟ್ಟಿಗೆ. ಮಾಲೂರಿನ ನಮ್ಮ ಬೀದಿಯಲ್ಲಿ ಯಾರಾದರೂ “ಪದ್ಮಕ್ಕ, ವೈನ್ ಫ್ಯಾಕ್ಟರೀಲಿ ನಿಮ್ಗೇನ್ ಕೆಲ್ಸ?” ಎಂದರೆ “ಲ್ಯಾಬಲ್ಲಿದೀನಿ” ಎಂದು ಹೇಳಿ ಮುಂದೆ ಹೋಗುತ್ತಿದ್ದೆ. ನಮ್ಮ ಅತ್ತೆಗೆ ಮಾತ್ರ ನಿಜ ಹೇಳಿದ್ದೆ.

“ನುಂಗಲ್ಲ ತಾನೇ?”

“ಇಲ್ಲ ಅತ್ತೆ, ಉಗಿದ್ಬಿಡ್ತೀವಿ.”

“ಹಂಗಾದ್ರೆ ಸರಿ ಬಿಡು. ಸಾರಿಗೆ ಉಪ್ಪು ನೋಡ್ದಂಗೆ.”

ಇಷ್ಟು ಚೆನ್ನಾಗಿ ನನ್ನ ಕೆಲಸವನ್ನು ಬೇರೆ ಯಾರೂ ಹೇಳಿಲ್ಲ. ಈಗ ಮನೆಯಲ್ಲಿದ್ದೇನೆ. ಲ್ಯಾಬಿಗೆ ಹೊಸದಾಗಿ ಸೇರಿದವರು ಆಗಾಗ ಫೋನ್ ಮಾಡಿ, ಇಟಲಿಯ ಕೆಂಪು ವೈನನ್ನು ಹೇಗೆ ನೋಡಬೇಕು, ಏನು ಬರೆಯಬೇಕು ಎಂದು ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆದಿಡುತ್ತಿದ್ದೇನೆ. ಸರಿ ಮಾಡಿದ್ದು ಕಡಿಮೆ, ತಪ್ಪಿದ್ದು ಜಾಸ್ತಿ. ಕಲಿಸುವುದು ತಪ್ಪುಗಳೇ ತಾನೇ.

ಮೊದಲನೆಯ ತಪ್ಪು ಸೇರಿದ ವಾರವೇ ಆಯಿತು. ಶುಕ್ರವಾರ ಅಂತ ಎರಡು ಮೊಳ ಮಲ್ಲಿಗೆ ಮುಡಿದುಕೊಂಡು ಲ್ಯಾಬಿಗೆ ಹೋದೆ. ಅವತ್ತು ಆರು ಜನ ಕೂತು ಹತ್ತು ವೈನ್ ನೋಡಿದರು. ಹತ್ತಕ್ಕೂ ಆರು ಜನವೂ ‘ಹೂವಿನ ಪರಿಮಳ’ ಎಂದು ಬರೆದರು! ಮ್ಯಾನೇಜರ್ ಚಂದ್ರಶೇಖರ್ ಸಾರ್ ಹಿಗ್ಗಿ ಹೋದರು. ಪಂಪು ರಿಪೇರಿಗೆ ಬಂದಿದ್ದ ನಮ್ಮ ಫಿಟ್ಟರ್ ಅನ್ವರ್ ಭಾಯ್ ಬಾಗಿಲಲ್ಲೇ ನಿಂತು, “ಸಾರ್, ಪರಿಮಳ ಲೋಟದಲ್ಲಿಲ್ಲ. ಪದ್ಮಕ್ಕನ ಜಡೇಲೈತೆ” ಎಂದರು. ಅವತ್ತಿನಿಂದ ನನಗೆ ಭಾನುವಾರ ಮಾತ್ರ ಹೂವು.

ಅನ್ವರ್ ಭಾಯ್ ಕೋಲಾರದವರು. ವೈನನ್ನು ನಾಲಿಗೆಗೆ ಸೋಕಿಸಿದವರೇ ಅಲ್ಲ. ಆದರೆ ಟ್ಯಾಂಕಿನ ಮುಚ್ಚಳ ತೆಗೆದ ಕೂಡಲೇ ಅದರ ಆರೋಗ್ಯ ಹೇಳಿಬಿಡುತ್ತಿದ್ದರು. “ಬಾಯಿಗೆ ಬೀಗ ಹಾಕ್ಬೋದು ಅಕ್ಕಾ, ಮೂಗಿಗೆ ಯಾರು ಹಾಕ್ತಾರೆ?” ಎನ್ನುತ್ತಿದ್ದರು. ಅಲ್ಲಿದ್ದ ನಂಬಿಕಸ್ಥ ಮೂಗುಗಳೆಂದರೆ ಕುಡಿಯದ ಅವರದು, ನುಂಗದ ನನ್ನದು. ನಾವು ಇದನ್ನು ಹೇಳಿಕೊಂಡು ಎಷ್ಟು ಸಲ ನಕ್ಕಿದ್ದೇವೋ.

ನಮ್ಮ ಕೈಗೆ ಒಂದು ಹಾಳೆ ಕೊಡುತ್ತಿದ್ದರು. ಅದರಲ್ಲಿ ಯಾವುದೋ ಹೊರದೇಶದ ಪುಸ್ತಕದಿಂದ ಇಳಿಸಿದ ಇಂಗ್ಲಿಷ್ ಪದಗಳ ಪಟ್ಟಿ ಇತ್ತು: ಚೆರ್ರಿ, ಪ್ಲಮ್, ವಯಲೆಟ್ ಹೂವು, ಚರ್ಮ, ಹೊಗೆಸೊಪ್ಪು. ವೈನ್ ಮೂಸಿ, ಹೊಂದುವ ಪದದ ಮುಂದೆ ಗುರುತು ಹಾಕಬೇಕು. ವಯಲೆಟ್ ಹೂವನ್ನು ನಾನು ಕಂಡವಳಲ್ಲ. ಪ್ಲಮ್ ಒಂದೆರಡು ಸಲ ತಿಂದಿದ್ದೆ. ಚೆರ್ರಿ ಮಾತ್ರ ಚೆನ್ನಾಗಿ ಗೊತ್ತಿತ್ತು. ಬೇಕರಿ ಕೇಕಿನ ಮೇಲೆ ಇಡುತ್ತಾರಲ್ಲ, ಕೆಂಪಗೆ, ಗುಂಡಗೆ! ಹಾಗಾಗಿ ಕೆಂಪು ವೈನಿನಲ್ಲಿ ಸ್ವಲ್ಪ ಸಿಹಿ ಸುಳಿದರೂ ಚೆರ್ರಿಗೆ ಗುರುತು ಹಾಕಿದೆ. ವರ್ಷಗಟ್ಟಲೆ ಹಾಕಿದೆ.

ಆ ಪಟ್ಟಿ ಮುರಿದವಳು ಲೂಚಿಯಾ. ಇಟಲಿಯ ಒಂದು ಗುಡ್ಡದ ಊರಿನವಳು, ದ್ರಾಕ್ಷಿ ಬೆಳೆಯುವವರ ಮನೆಯ ಮಗಳು. ನಮ್ಮಲ್ಲಿಗೆ ಸಲಹೆ ಕೊಡಲು ಕೊಯ್ಲಿನ ಹೊತ್ತಿಗೆ ಬಂದಳು. ಬರಲು ಕಾರಣವೂ ಇತ್ತು. ಅದಕ್ಕೆ ಮೂರು ವರ್ಷ ಮೊದಲು ಕಂಪನಿ ಅವರ ಕಡೆಯ ‘ಸಾಂಜೊವೇಸೆ’ ಎಂಬ ಕೆಂಪು ದ್ರಾಕ್ಷಿಯ ಸಸಿ ತರಿಸಿತ್ತು. ಬೆಳೆಯಲು ರೈತರನ್ನು ಕೇಳಿದಾಗ ಹೋಳೂರಿನವರು ಬೇಡವೆಂದರು, ಶ್ರೀನಿವಾಸಪುರದವರು “ನಮ್ಗೆ ಮಾವೇ ಸಾಕು” ಎಂದರು. ಒಪ್ಪಿದ್ದು ಮುಳಬಾಗಿಲು ತಾಲ್ಲೂಕಿನ ದೇವರಾಯಸಮುದ್ರದ ಕಡೆಯ ಮುನಿವೆಂಕಟಮ್ಮ ಒಬ್ಬರೇ.

ಮುನಿವೆಂಕಟಮ್ಮನ ಮನೆಮಾತು ತೆಲುಗು. ನಮ್ಮ ಜೊತೆ ಕನ್ನಡ. ಸಾಂಜೊವೇಸೆ ಎಂಬುದು ಅವರ ಬಾಯಲ್ಲಿ ಮೊದಲ ದಿನವೇ ‘ಸಂಜೀವಪ್ಪ’ ಆಯಿತು. ಆಮೇಲೆ ಫ್ಯಾಕ್ಟರಿಯಲ್ಲೂ ಎಲ್ಲರಿಗೂ ಅದು ಸಂಜೀವಪ್ಪನೇ. ಅವರು ಗೇಟಿಗೆ ಬಂದರೆ ಮೊದಲು ಕೇಳುವುದು, “ಪದ್ಮಕ್ಕಾ, ನಮ್ಮ ಸಂಜೀವಪ್ಪ ಹೆಂಗವ್ನೆ?” ಹೊಸಬರು ಕೇಳಿಸಿಕೊಂಡರೆ, ಅವರ ಮಗ ನಮ್ಮಲ್ಲಿ ಕೆಲಸಕ್ಕಿದ್ದಾನೆ ಅಂದುಕೊಳ್ಳಬೇಕು! ಆ ವರ್ಷ ಅವರ ತೋಟದ ಮೊದಲ ಒಳ್ಳೆಯ ಫಸಲು ಬಂದು ಏಳನೇ ನಂಬರ್ ಟ್ಯಾಂಕ್ ಸೇರಿತು.

ಬಂದ ಮೂರನೇ ದಿನ ಲೂಚಿಯಾ ನನ್ನ ಹಳೆಯ ಹಾಳೆಗಳ ಕಟ್ಟು ತೆಗೆದು ಕೂತಳು. ಬೋರಲು ಹಾಕಿದ ಕ್ರೇಟೇ ಅವಳ ಕುರ್ಚಿ. ತಿರುವಿದಳು, ತಿರುವಿದಳು, ಹುಬ್ಬೇರಿಸಿದಳು. ನಮ್ಮಿಬ್ಬರ ಮಾತೆಲ್ಲ ಇಂಗ್ಲಿಷಿನಲ್ಲೇ.

“ಪದ್ಮಾ, ಎಲ್ಲದರಲ್ಲೂ ಚೆರ್ರಿ ಇದೆಯಲ್ಲ? ಅಷ್ಟು ಚೆರ್ರಿ ನಮ್ಮ ದೇಶದಲ್ಲೂ ಇಲ್ಲ. ಎಲ್ಲಿ ತಿಂದೆ?”

ನನಗೆ ರೋಷ ಬಂತು. ಪೇಟೆಗೆ ಹೊರಟಿದ್ದ ಅನ್ವರ್ ಭಾಯ್ ಕೈಲಿ ಬೇಕರಿಯಿಂದ ಒಂದು ಪೊಟ್ಟಣ ತರಿಸಿ ಅವಳ ಮುಂದಿಟ್ಟೆ. ಲೂಚಿಯಾ ಒಂದನ್ನು ಅರ್ಧ ಕಚ್ಚಿದಳು. ಕಣ್ಣು ದೊಡ್ಡದಾಯಿತು. ಉಳಿದರ್ಧವನ್ನು ಬೆಳಕಿಗೆ ಹಿಡಿದಳು.

“ಇದು ಚೆರ್ರಿ ಅಲ್ಲ. ಸಕ್ಕರೆ. ಸಕ್ಕರೆಯ ಒಳಗೆ ಯಾವುದೋ ಕಾಯಿ ಇದೆ. ಯಾವುದದು?”

ಅನ್ವರ್ ಭಾಯ್ ತಲೆ ಕೆರೆದುಕೊಂಡರು. “ಕವಳೆಕಾಯಿ ಅಕ್ಕಾ. ಬೇಕರಿಯವನು ನಮ್ಮ ಭಾವನೇ. ಪಾಕಕ್ಕೆ ಹಾಕಿ ಬಣ್ಣ ಕಟ್ತಾನೆ. ನಿಮ್ಗೆ ಗೊತ್ತಿಲ್ವಾ?”

“ಇಷ್ಟು ವರ್ಷ ಯಾಕ್ರೀ ಹೇಳ್ಲಿಲ್ಲ?”

“ಅರೆ, ನೀವು ಯಾವತ್ತು ಕೇಳಿದ್ರಿ?”

ನೆಲ ಬಿರಿದು ನನ್ನನ್ನು ನುಂಗಬಾರದೇ ಅನ್ನಿಸಿತು. ಲೂಚಿಯಾ ಮಾತ್ರ ಕ್ರೇಟ್ ಅಲುಗಾಡುವ ಹಾಗೆ ನಕ್ಕಳು. ನಕ್ಕು ಸುಮ್ಮನಾಗಲಿಲ್ಲ. ಸಕ್ಕರೆ ಇಲ್ಲದ ಕವಳೆ ಬೇಕು ಎಂದಳು. ಕಾಯಿಯ ಕಾಲವಲ್ಲ. ಮರುದಿನ ಮನೆಯ ಉಪ್ಪಿನಕಾಯಿ ಜಾಡಿಯಿಂದ ನಾಲ್ಕು ತೆಗೆದು, ಖಾರ ತೊಳೆದು ಒಯ್ದೆ. ಅವಳು ಒಂದನ್ನು ಅಗಿದು ನನ್ನ ತೋಳು ಹಿಡಿದಳು. “ಇದು! ಈ ಹುಳಿ! ನಮ್ಮ ಕಡೆಯ ಹುಳಿ ಚೆರ್ರಿಗೆ ಇದು ಎಷ್ಟೋ ಹತ್ತಿರ. ನಿನ್ನ ಬಾಯಿ ಸುಳ್ಳು ಹೇಳಿಲ್ಲ ಪದ್ಮಾ, ಪದ ಸುಳ್ಳು ಹೇಳಿದೆ.” ಹಾಗೆಂದವಳೇ ಹಾಳೆಯನ್ನು ಮಗುಚಿ ಖಾಲಿ ಬದಿ ತೋರಿಸಿದಳು. “ಇನ್ನು ಮೇಲೆ ಇಲ್ಲಿ ಬರೆ. ನಿನ್ನ ಭಾಷೆಯಲ್ಲಿ ಬರೆ.”

ಅವತ್ತು ಅವಳು ತನ್ನ ಊರಿನ ಒಂದು ಬಾಟಲಿ ತೆಗೆದಳು. ಅದೇ ಸಂಜೀವಪ್ಪನ ಜಾತಿ, ಆರು ವರ್ಷ ಹಳೆಯದು. ಇಲ್ಲೂ ನನ್ನದೊಂದು ತಪ್ಪು. ಕೆಂಪು ವೈನನ್ನು ಕೋಣೆಯ ಶಾಖದಲ್ಲಿ ನೋಡಬೇಕು ಅಂತ ಪುಸ್ತಕದಲ್ಲಿತ್ತು. ನಾನು ಮೇಜಿನ ಮೇಲೆ ಇಟ್ಟಿದ್ದೆ. ಮಾರ್ಚ್ ತಿಂಗಳು, ತಗಡಿನ ಮಾಡು. ಲೋಟಕ್ಕೆ ಬಗ್ಗಿಸಿದರೆ ಸ್ಪಿರಿಟ್ ವಾಸನೆ ಬಿಟ್ಟು ಇನ್ನೊಂದಿಲ್ಲ! “ಪುಸ್ತಕ ಬರೆದವರ ಕೋಣೆ ತಣ್ಣಗಿತ್ತು, ನಿನ್ನ ಕೋಣೆ ಒಲೆ” ಎಂದಳು ಲೂಚಿಯಾ. ಕುಡಿಯುವ ನೀರಿನ ಮಡಕೆಗೆ ಸುತ್ತುವ ಹಾಗೆ ಬಾಟಲಿಗೆ ಒದ್ದೆ ಬಟ್ಟೆ ಸುತ್ತಿ ಕಿಟಕಿಯ ಗಾಳಿಗೆ ಇಟ್ಟೆ. ಮುಕ್ಕಾಲು ಗಂಟೆ ಕಾದೆವು. ಅಮ್ಮಾ, ಆಮೇಲೆ ಅದು ಬೇರೆಯೇ ವೈನ್!

ಹೊಸಬರು ಇಲ್ಲಿ ಗಮನ ಕೊಡಿ. ಲೋಟವನ್ನು ಕಾಲು ಭಾಗ ಮಾತ್ರ ತುಂಬಿ. ಬಿಳಿ ಕಾಗದದ ಮೇಲೆ ಓರೆ ಮಾಡಿ ಹಿಡಿಯಿರಿ. ಇಟಲಿಯ ಈ ಕೆಂಪು ದಾಳಿಂಬೆ ರಸದ ಹಾಗೆ ತಿಳಿ, ಕೆಳಗಿನ ಅಕ್ಷರ ಕಾಣುತ್ತದೆ. ಬಣ್ಣ ತೆಳು ಎಂದು ಕಡೆಗಣಿಸಬೇಡಿ. ಅಂಚು ನೋಡಿ, ವಯಸ್ಸಾದಂತೆ ಅಲ್ಲಿ ಇಟ್ಟಿಗೆ ಬಣ್ಣ ಏರುತ್ತದೆ. ನಾನು ಲೂಚಿಯಾಳನ್ನು ಕಿಟಕಿಗೆ ಕರೆದು ನಮ್ಮೂರಿನ ಹೆಂಚಿನ ಮಾಡುಗಳನ್ನು ತೋರಿಸಿ, “ಇದೇ ಬಣ್ಣ ತಾನೇ?” ಎಂದೆ. ಅವಳು ಕೈ ಚಪ್ಪಾಳೆ ತಟ್ಟಿದಳು. ‘ಮಾಲೂರು ಹೆಂಚು’ ಎಂದು ಬರೆದೆ. ಅದೇ ನನ್ನ ಮೊದಲ ಸ್ವಂತ ಪದ.

ಲೋಟ ತಿರುಗಿಸುವ ಮೊದಲು ಒಮ್ಮೆ ಮೂಸಬೇಕು, ತಿರುಗಿಸಿದ ಮೇಲೆ ಇನ್ನೊಮ್ಮೆ. ಮೊದಲು ಕವಳೆಯ ಹುಳಿ ಬಂತು. ಆಮೇಲೆ ನನ್ನ ತವರು ಹುತ್ತೂರಿನಲ್ಲಿ ರೇಷ್ಮೆ ಹುಳುವಿಗೆ ಸೊಪ್ಪು ಕೊಯ್ಯುವಾಗ ಬಾಯಿಗೆ ಎಸೆದುಕೊಳ್ಳುತ್ತಿದ್ದ ಹಿಪ್ಪುನೇರಳೆ ಹಣ್ಣು. ಅದರ ಹಿಂದೆ ಒಣ ಚಹಾ ಪುಡಿ, ಬೀಡಿ ಕಟ್ಟು. ಒಂದರ ಹಿಂದೆ ಒಂದು, ಮದುವೆ ಮನೆ ಬಾಗಿಲಿಗೆ ನೆಂಟರು ಬಂದ ಹಾಗೆ! ನಾನು ಬರೆದದ್ದೇ ಬರೆದದ್ದು. ಇಷ್ಟು ವರ್ಷ ಇವರೆಲ್ಲ ಎಲ್ಲಿದ್ದರು?

ಆಮೇಲೆ ಒಂದು ಗುಟುಕು. ತುಟಿ ಚೂಪು ಮಾಡಿ ಸ್ವಲ್ಪ ಗಾಳಿ ಎಳೆದುಕೊಳ್ಳಬೇಕು, ಬಿಸಿ ಪಾಯಸ ಹೀರುವ ಹಾಗೆ. ನಾಲಿಗೆಯ ಎರಡೂ ಬದಿ ನೀರೂರಿತು, ಅದು ಹುಳಿ. ಉಗುಳಿದ ಮೇಲೆ ಒಸಡೆಲ್ಲ ಬಿಗಿಯಿತು.

“ಇದು ಒಗರು” ಎಂದೆ. ಅವಳಿಗೆ ತಿಳಿಯಲಿಲ್ಲ. ಒಂದು ಚೂರು ಅಡಿಕೆ ಅಗಿಯಲು ಕೊಟ್ಟೆ.

“ಟ್ಯಾನಿನ್!” ಎಂದಳು. “ಅದು ನಮ್ಮ ವೈನಿನ ಬೆನ್ನುಮೂಳೆ. ಅದಿಲ್ಲದಿದ್ದರೆ ಶರಬತ್ತು. ಆದರೆ ಯಾವ ಒಗರು ಅಂತ ನೋಡಬೇಕು ಪದ್ಮಾ. ಬಲಿಯದ ಒಗರು ಬಾಯನ್ನು ಕೆರೆಯುತ್ತದೆ. ಬಲಿತ ಒಗರು ಹಿಡಿಯುತ್ತದೆ, ಮೆಲ್ಲಗೆ ಬಿಡುತ್ತದೆ.”

ಬಲಿಯದ್ದು ಬಾಳೆಕಾಯಿ ಒಗರು, ಬಲಿತದ್ದು ನೇರಳೆಹಣ್ಣಿನ ಒಗರು! ಇದಕ್ಕಿಂತ ಸುಲಭ ಇನ್ನೇನಿದೆ? ಎಲ್ಲ ತಿಳಿಯಿತು ಎಂದುಕೊಂಡೆ. ತಿಂಗಳು ಮುಗಿಸಿ ಲೂಚಿಯಾ ಊರಿಗೆ ಹೋದಳು. ನಾನು ಏಳನೇ ಟ್ಯಾಂಕನ್ನು ವಾರಕ್ಕೊಮ್ಮೆ ನೋಡಿ, ಹಾಳೆಯ ಹಿಂಬದಿಯಲ್ಲಿ ಕನ್ನಡದಲ್ಲಿ ಬರೆಯುತ್ತಾ ಬಂದೆ. ಕವಳೆ, ಹಿಪ್ಪುನೇರಳೆ, ಒಗರು. ಮುಂದಿನ ವಾರ: ಕವಳೆ, ಚಹಾ ಪುಡಿ, ಒಗರು. ನಾಲ್ಕು ವಾರ. ಯಾವ ಒಗರು ಎಂದು ಬರೆಯಲಿಲ್ಲ. ನನಗೆ ಗೊತ್ತಿತ್ತಲ್ಲ!

ಮೇ ತಿಂಗಳ ಒಂದು ಮಂಗಳವಾರ ಚಂದ್ರಶೇಖರ್ ಸಾರ್ ಕರೆದರು. ಬೆಳಿಗ್ಗೆ ಬರೀ ಕಾಫಿ ಕುಡಿದ ಹೊಟ್ಟೆಯಲ್ಲಿ ಏಳನೇ ಟ್ಯಾಂಕಿನದ್ದನ್ನು ಬಾಯಿಗೆ ಹಾಕಿಕೊಂಡು ಮುಖ ಕಿವುಚಿದ್ದರಂತೆ. ನನ್ನ ಹಾಳೆಗಳು ಮೇಜಿನ ಮೇಲೆ ಹರಡಿದ್ದವು.

“ಸರಿಯಾಗೇ ಬರ್ದಿದೀರಮ್ಮ. ಒಗರು, ಒಗರು, ಒಗರು. ನಾಲ್ಕು ವಾರ ಆದ್ರೂ ಹೋಗಿಲ್ಲ. ಬಾಳೆಕಾಯಿ ಅಗಿದಂಗಿದೆ. ಶುಕ್ರವಾರ ಟ್ಯಾಂಕರ್ ಬರುತ್ತೆ. ಬ್ರಾಂದಿಗೆ ಬಟ್ಟಿ ಇಳಿಸೋರಿಗೆ ಕೊಟ್ಬಿಡೋಣ. ಆ ಜಾತಿ ನಮ್ಮ ಮಣ್ಣಿಗಲ್ಲ. ಮುನಿವೆಂಕಟಮ್ಮನಿಗೂ ಬಳ್ಳಿ ಕೀಳೋಕೆ ಹೇಳಿದೀನಿ.”

ನನ್ನ ಕೈಬರಹವೇ ನನ್ನ ವಿರುದ್ಧ ಸಾಕ್ಷಿ ಹೇಳುತ್ತಿತ್ತು. ಹೊರಗೆ ಬಂದರೆ ಗೇಟಿನ ಹತ್ತಿರ ಮುನಿವೆಂಕಟಮ್ಮ ನಿಂತಿದ್ದರು. ಖಾಲಿ ಕ್ರೇಟ್ ಕೊಡಲು ಬಂದವರಿಗೆ ಸಾರ್ ಆಗಲೇ ಸುದ್ದಿ ಮುಟ್ಟಿಸಿದ್ದರು.

“ಕಿತ್ತಾಕ್ಬೇಕಂತೆ ಪದ್ಮಕ್ಕಾ” ಎಂದರು. ಅಳಲಿಲ್ಲ, ಸೆರಗಿನಿಂದ ಮುಖ ಮಾತ್ರ ಒರೆಸಿಕೊಂಡರು. “ಮೂರು ವರ್ಷ ಕೈ ಹಿಡ್ದು ನಿಲ್ಸಿದೀನಿ. ಈಗ ತಾನೇ ಚಪ್ಪರದ ತಂತಿ ಹಿಡ್ಕಂಡವ್ನೆ. ಏನು ತಪ್ಪು ಮಾಡಿದ್ನಂತೆ?”

“ಅವನೇನೂ ಮಾಡಿಲ್ಲ. ನಾನು ಮಾಡಿದ್ದು.”

“ಅಂಗಾದ್ರೆ ನೀವೇ ಸರಿ ಮಾಡಿ.” ಅಷ್ಟೇ ಹೇಳಿ ಟೆಂಪೋ ಹತ್ತಿದರು.

ಮಧ್ಯಾಹ್ನವಿಡೀ ಯೋಚಿಸಿದೆ. ಸಾರ್ ಹತ್ತಿರ ವಾದ ಮಾಡಿ ಗೆದ್ದವರಿಲ್ಲ. ಅವರ ದಿನಚರಿ ಮಾತ್ರ ನನಗೆ ಅಂಗೈ ಗೆರೆಯ ಹಾಗೆ ಗೊತ್ತು. ಬುಧವಾರ ಪೇಟೆಯ ಮೆಸ್ಸಿನಿಂದ ಮುದ್ದೆ, ಕಾಲು ಸಾರು. ಉಂಡ ಮೇಲೆ ಕೈ ತೊಳೆದು, ಡ್ರಾಯರಿನ ಹಿತ್ತಾಳೆ ಡಬ್ಬಿಯಿಂದ ಎರಡು ಬಟ್ಟಲಡಿಕೆ. ಅದು ತಪ್ಪಿದ ದಿನ ಕಂಡಿಲ್ಲ.

ಅನ್ವರ್ ಭಾಯ್‌ಗೆ ಹೇಳಿದೆ. “ಡಬ್ಬಿ ಕದೀಬೇಕಾ? ನಕ್ಕೋ ಅಕ್ಕಾ, ಬ್ಯಾಡ, ಮೊಮ್ಮಕ್ಕಳು ಕಂಡ ವಯಸ್ಸಲ್ಲಿ ಕಳ್ಳ ಅನ್ಸ್ಕೊಳ್ಳಾ?”

“ಕದಿಯೋದಲ್ಲ. ಹತ್ತು ನಿಮಿಷ ಜಾಗ ಬದಲಾಯ್ಸೋದು.”

“ಜಾಗ ಬದಲಾಯ್ಸೋದು ಫಿಟ್ಟರ್ ಕೆಲ್ಸಾನೇ. ನಡೀರಿ.”

ಬುಧವಾರ ಸಾರ್ ಊಟ ಮುಗಿಸಿದರು. ಡ್ರಾಯರ್ ಎಳೆದರು. ಮುಚ್ಚಿ ಮತ್ತೆ ಎಳೆದರು. ಮುದ್ದೆಯ ಭಾರ, ಕಾಲು ಸಾರಿನ ಜಿಡ್ಡು, ಬಾಯಲ್ಲಿ ಅಡಿಕೆ ಇಲ್ಲ!

“ಅನ್ವರ್! ನನ್ನ ಡಬ್ಬಿ ನೋಡಿದ್ರಾ?”

“ಯಾವ ಡಬ್ಬಿ ಸಾರ್? ಗ್ರೀಸ್‌ದಾ?”

ಆ ಹೊತ್ತಿಗೆ ಸರಿಯಾಗಿ ಒಳಗೆ ಹೋದೆ. ಕೈಯಲ್ಲಿ ಏಳನೇ ಟ್ಯಾಂಕಿನ ಒಂದು ಲೋಟ. ಒದ್ದೆ ಬಟ್ಟೆಯಲ್ಲಿ ಮುಕ್ಕಾಲು ಗಂಟೆ ಇಟ್ಟಿದ್ದು.

“ಸಾರ್, ಒಂದು ಮಾತು. ಊಟ ಆದ್ಮೇಲೆ ಅಡಿಕೆ ಯಾಕೆ ಹಾಕ್ಕೋತೀರಾ?”

“ಇದೇನಮ್ಮ ಪ್ರಶ್ನೆ? ಜಿಡ್ಡು ಹೋಗಲಿ ಅಂತ.”

“ಅಡಿಕೆ ರುಚಿ ಏನು ಸಾರ್?”

“ಒಗ…” ಎಂದವರು ನಿಲ್ಲಿಸಿದರು. ಲೋಟ ನೋಡಿದರು. ನನ್ನ ಮುಖ ನೋಡಿದರು.

“ಬರೀ ಹೊಟ್ಟೇಲಿ ಅಡಿಕೆ ಅಗಿದ್ರೆ ಯಾರಿಗಾದ್ರೂ ತಲೆ ತಿರುಗುತ್ತೆ ಸಾರ್. ಅದು ಅಡಿಕೆ ತಪ್ಪಾ? ನಾನು ಒಗರು ಅಂತ ಬರೆದೆ, ಯಾವ ಒಗರು ಅಂತ ಬರೀಲಿಲ್ಲ. ಅದು ನನ್ನ ತಪ್ಪು. ಇದು ಬಾಳೆಕಾಯಿ ಅಲ್ಲ, ನೇರಳೆಹಣ್ಣು. ಈಗ ಒಂದ್ಸಲ ನೋಡಿ.”

ಸಾರ್ ಒಂದು ಗುಟುಕು ತೆಗೆದುಕೊಂಡರು. ಕೆನ್ನೆಯಿಂದ ಕೆನ್ನೆಗೆ ಹೊರಳಿಸಿದರು. ನಾನು ಬಕೆಟ್ಟು ಮುಂದೆ ಹಿಡಿದೆ. ಉಗುಳಲಿಲ್ಲ, ನುಂಗಿದರು! ನನ್ನ ಇಪ್ಪತ್ತೆರಡು ವರ್ಷದಲ್ಲಿ ಆ ಬಕೆಟ್ಟು ಅಷ್ಟು ಸಂತೋಷದಿಂದ ಖಾಲಿ ಉಳಿದ ದಿನ ಬೇರೆ ಇಲ್ಲ.

“ಸಾರಿನ ಜಿಡ್ಡು ತೊಳ್ಕೊಂಡು ಹೋಯ್ತಲ್ಲಮ್ಮ” ಎಂದರು ಮೆಲ್ಲಗೆ. ಇನ್ನೊಂದು ಗುಟುಕು ಹೀರಿದರು. “ಆದ್ರೂ ನನಗೆ ಪೂರ್ತಿ ನಂಬಿಕೆ ಇಲ್ಲ. ಟ್ಯಾಂಕರ್ ಬೇಡ ಅಂತೀನಿ. ಹಳೇ ಪೀಪಾಯಿಗೆ ಹಾಕಿ. ಕತ್ತರಿ ಹಾಕೋ ಕಾಲಕ್ಕೆ ಲೂಚಿಯಾ ಬರ್ತಾಳೆ, ಅವಳೂ ನೋಡ್ಲಿ. ಅವರ ವೈನ್ ಪಕ್ಕದಲ್ಲಿ ಇದು ನಿಂತ್ರೆ ಬಳ್ಳಿ ಇರ್ಲಿ. ಇಲ್ದಿದ್ರೆ ಕೀಳೋದೇ.” ನಾನು ಹೊರಡುವಾಗ ಕೂಗಿದರು, “ಮತ್ತೆ ಆ ಡಬ್ಬಿ ಅದರ ಜಾಗಕ್ಕೆ ಬರ್ಲಿ, ಅನ್ವರ್!”

ದ್ರಾಕ್ಷಿಗೆ ಹಳೆಯ ಕೊಂಬೆ ಕತ್ತರಿಸಿದರೆ ಮಾತ್ರ ಮುಂದಿನ ಫಸಲು. ಆ ಕತ್ತರಿಯ ಕಾಲ ನಮ್ಮಲ್ಲಿ ಗೌರಿ ಹಬ್ಬದ ಆಚೆ ಈಚೆ. ನಾಲ್ಕು ತಿಂಗಳು ನಾನು ಪೀಪಾಯಿಯನ್ನು ಬಾಣಂತಿಯ ಹಾಗೆ ನೋಡಿಕೊಂಡೆ. ಪ್ರತಿ ಹಾಳೆಯಲ್ಲೂ ಒಗರಿನ ಮುಂದೆ ಇನ್ನೊಂದು ಪದ ಬರೆದೆ. ನೇರಳೆ ಒಗರು. ಆಮೇಲೆ ನೆಲ್ಲಿಕಾಯಿ ತಿಂದು ನೀರು ಕುಡಿದ ಒಗರು, ಅಂದರೆ ಹಿಂದಿನಿಂದ ಸಿಹಿ ಬರುವುದು. ಅದನ್ನು ಬರೆದ ದಿನ ಲ್ಯಾಬಿನಲ್ಲಿ ಒಬ್ಬಳೇ ನಕ್ಕೆ.

ಹಬ್ಬ ಮುಗಿದ ವಾರ ಲೂಚಿಯಾ ಬಂದಳು. ಮೇಜಿನ ಮೇಲೆ ಎರಡು ಲೋಟ. ಒಂದರಲ್ಲಿ ಅವಳ ಊರಿನ ಗುಡ್ಡದ್ದು, ಒಂದರಲ್ಲಿ ನಮ್ಮದು. ಯಾವುದು ಯಾವುದೆಂದು ಬಗ್ಗಿಸಿದ ನನಗೆ ಮಾತ್ರ ಗೊತ್ತು. ಸಾರ್ ಎರಡನ್ನೂ ನೋಡಿದರು. ಬೇರೆ ಮಾಡಲಾಗದೆ ಇನ್ನೊಮ್ಮೆ ನೋಡಿದರು. ಲೂಚಿಯಾಗೆ ತನ್ನೂರಿನದು ತಿಳಿಯದೆ ಇರುತ್ತದೆಯೇ? ಆದರೂ ತುಟಿ ಬಿಗಿಹಿಡಿದು ನನ್ನತ್ತ ನೋಡಿದಳು. ಮೂಲೆಯ ಸ್ಟೂಲಿನ ಮೇಲೆ ಮುನಿವೆಂಕಟಮ್ಮ ಕೂತಿದ್ದರು. ಏನು ತೀರ್ಮಾನವಾದರೂ ಎದುರಿಗೇ ಹೇಳೋಣವೆಂದು ಸಾರ್ ಕರೆಸಿದ್ದರು. ಅವರು ತಮ್ಮ ಹಣ್ಣಿನ ವೈನನ್ನು ಅದುವರೆಗೆ ಮೂಸಿಯೂ ನೋಡಿರಲಿಲ್ಲ.

“ಅಮ್ಮಾ, ನೀವೂ ನೋಡಿ” ಎಂದರು ಸಾರ್. “ನಿಮ್ಮ ಸಂಜೀವಪ್ಪ ಯಾವುದು ಹೇಳಿ.”

“ಅಬ್ಬೋ, ನಂಗೊದ್ದು ಸಾಮಿ, ಬ್ಯಾಡ.”

“ಕುಡೀಬೇಡಿ. ಮೂಸಿ ಸಾಕು” ಎಂದೆ.

ಅವರು ಎದ್ದು ಬಂದರು. ಬಗ್ಗಿ ಎಡಗಡೆ ಲೋಟ ಮೂಸಿದರು. ಬಲಗಡೆಯದನ್ನು ಮೂಸಿದರು. ಮತ್ತೆ ಎಡ. ನಾಲಿಗೆ ತುದಿಗೆ ಒಂದು ಹನಿ ಸೋಕಿಸಿಕೊಂಡು ಬಾಯಿ ಚಪ್ಪರಿಸಿದರು. ಅನ್ವರ್ ಭಾಯ್ ಬಾಗಿಲಲ್ಲಿ ಸ್ಪ್ಯಾನರ್ ಹಿಡಿದು ನಿಂತೇ ಇದ್ದರು.

ಮುನಿವೆಂಕಟಮ್ಮ ಎಡಗಡೆ ಲೋಟವನ್ನು ಎರಡೂ ಕೈಯಿಂದ ಹಿಡಿದುಕೊಂಡರು. “ಇದೇ. ಒಳ್ಳೇ ವಗರು. ಇವ್ನೇ ನಮ್ಮ ಸಂಜೀವಪ್ಪ.”

ನನ್ನ ಮುಖ ನೋಡಿಯೇ ಎಲ್ಲರಿಗೂ ಗೊತ್ತಾಯಿತು. ಅವರು ಹಿಡಿದದ್ದು ಇಟಲಿಯದು.

ಸಾರ್ ಗಂಟಲು ಸರಿ ಮಾಡಿಕೊಂಡು, “ಅಮ್ಮಾ… ಅದು ಅವರ ಊರಿಂದು” ಎಂದರು.

ಮುನಿವೆಂಕಟಮ್ಮ ಲೋಟ ಕೆಳಗಿಡಲಿಲ್ಲ. ಲೂಚಿಯಾಳನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದರು, ಹೊಸ ಬೀಗಿತಿಯನ್ನು ನೋಡುವ ಹಾಗೆ.

“ಅಂಗಾ? ಅಂಗಾದ್ರೆ ಅವ್ರೂ ನಮ್ಮಂಗೇ ಬೆಳೀತಾರೆ ಬಿಡಿ. ಪರವಾಗಿಲ್ಲ.”

ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿ ಮುಗಿಸುವಷ್ಟರಲ್ಲಿ ಲೂಚಿಯಾ ಮೇಜು ಸುತ್ತಿ ಬಂದು ಅವರನ್ನು ತಬ್ಬಿಕೊಂಡಿದ್ದಳು. ಸಾರ್ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅವರು ಹಾಗೆ ನಕ್ಕಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಮುನಿವೆಂಕಟಮ್ಮ ಮಾತ್ರ ಆ ತಬ್ಬುಗೆಯ ಒಳಗಿಂದಲೇ, ಲೂಚಿಯಾಳ ಹೆಗಲ ಮೇಲಿಂದ ಕತ್ತು ಎತ್ತಿ ಕೇಳಿದರು:

“ಸಾರ್, ಕತ್ತರಿ ಯಾವಾಗ ಹಾಕ್ಲಿ?”

“ಸೋಮವಾರ” ಎಂದರು ಸಾರ್, ಕಣ್ಣು ಒರೆಸಿಕೊಳ್ಳುತ್ತಾ. “ಸೋಮವಾರವೇ ಹಾಕಿ.”